‘ಇಲ್ಲ’ ಎಂಬುದೂ ‘ಕಾಣೆ’ ಎಂಬುದೂ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಎಣ್ಣೆಬಾವಿಗಳ ಮೇಲ್ವಿಚಾರಣೆ ನಡೆಯಿಸತಕ್ಕ ಸರಕಾರಿ ಇಲಾಖೆಗೆ ‘ರೈಲ್‌ರೋಡ್ ಕಮಿಷನ್’ ಎಂದು ಹೆಸರು. ರೈಲುಮಾರ್ಗಗಳನ್ನು ಹತೋಟಿಯಲ್ಲಿಡುವುದಕ್ಕೋಸ್ಕರ ಅದು 1891ರಲ್ಲಿ ಹುಟ್ಟಿತು. 1917ರಲ್ಲಿ ಎಣ್ಣೆಯ ಕೊಳವೆಮಾರ್ಗಗಳೂ, 1919ರಲ್ಲಿ ಬಾವಿಗಳೂ ಅದರ ಅಧಿಕಾರಕ್ಕೆ ಒಳಪಟ್ಟವು. 2005ರಲ್ಲಿ ರೈಲಿನ ಮೇಲೆ ಉಳಿದಿದ್ದ ಅಧಿಕಾರವೂ ಅದರ ಕೈಬಿಟ್ಟು ಹೋಯಿತು. ಈಗ ಉಳಿದಿರುವುದು ಹೆಸರು ಮಾತ್ರ. ಹೆಸರನ್ನು ನೋಡಿ ವಸ್ತುವನ್ನು ಊಹಿಸತಕ್ಕವನು ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ದಾಖಲೆಗೂ ನೆಲಕ್ಕೂ ನಡುವೆ ಇರುವ ಅಂತರವೇ ಪ್ರಕೃತ ವಿಚಾರವಾದುದರಿಂದ ಈ ಸಣ್ಣ ಸಂಗತಿಯಿಂದ ಆರಂಭಿಸುವುದು ಅಪ್ರಸ್ತುತವಾಗಲಾರದು.

ಈ ಇಲಾಖೆಯು ತನ್ನ ಬಾವಿಗಳ ನಕ್ಷೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ನಾರ್ವೆಯವರೂ ಬ್ರಿಟನ್ನಿನವರೂ ತಮ್ಮ ಕಡಲಿನ ಬಾವಿಗಳ ವಿವರವನ್ನು ಹೀಗೆಯೇ ಪ್ರಕಟಿಸುತ್ತಾರೆ. ಭಾರತ ಸರಕಾರವೂ 2017ರಿಂದ ಈಚೆಗೆ ಇಂಥದೊಂದು ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ನಡೆಯಿಸುತ್ತಿದೆ. ಟೆಕ್ಸಾಸಿನ ನಕ್ಷೆಯಲ್ಲಿ ಒಂದೊಂದು ಬಾವಿಗೂ ಒಂದೊಂದು ಸಂಖ್ಯೆಯುಂಟು. ಅದರ ಮೊದಲ ಎರಡು ಅಂಕಿಗಳು ಸಂಸ್ಥಾನವನ್ನೂ (ಟೆಕ್ಸಾಸಿಗೆ 42), ಮುಂದಿನ ಮೂರು ಕೌಂಟಿಯನ್ನೂ, ಆಮೇಲಿನ ಐದು ಬಾವಿಯನ್ನೂ ಸೂಚಿಸುತ್ತವೆ. ಕೊರೆಯಲು ಅಪ್ಪಣೆ ಪಡೆದು ಕೊರೆಯದೆ ಬಿಟ್ಟ ಸ್ಥಳಕ್ಕೆ ಒಂದು ಗುರುತು. ಕೊರೆದರೂ ಏನೂ ಬಾರದ ಬಾವಿಗೆ ಮತ್ತೊಂದು. ಸಿಮೆಂಟು ತುಂಬಿ ಮುಚ್ಚಿದ ಬಾವಿಗೆ ಇನ್ನೊಂದು. ಇವನ್ನೆಲ್ಲ ಓದಿ ಅರ್ಥ ಹೇಳುವುದಕ್ಕೆ ಅಭ್ಯಾಸ ಬೇಕು. ಒಂದು ನೆಲದ ಕೆಳಗಿನ ಖನಿಜವು ಯಾರಿಗೆ ಸೇರಿದ್ದೆಂಬುದನ್ನು ಕೌಂಟಿ ಕಚೇರಿಯ ಹಳೆಯ ಪುಸ್ತಕಗಳಿಂದ ಹುಡುಕಿ ತೆಗೆಯುವುದಕ್ಕೆ ಅಲ್ಲಿ ‘ಲ್ಯಾಂಡ್‌ಮನ್’ ಎಂಬ ಪ್ರತ್ಯೇಕ ವೃತ್ತಿಯವರೇ ಇದ್ದಾರೆ. ಹಣವಿದ್ದವರು ಅವರನ್ನು ಗೊತ್ತುಮಾಡಿಕೊಳ್ಳುತ್ತಿದ್ದರು, ಇಲ್ಲದವರು ಸುಮ್ಮನಿರುತ್ತಿದ್ದರು.

ಈಚಿನ ಕೆಲವು ವರ್ಷಗಳಲ್ಲಿ ಈ ಸ್ಥಿತಿ ಬದಲಾಯಿಸಿದೆ. ಕೃತಕ ಬುದ್ಧಿಮತ್ತೆಯ ಸಹಾಯಕವೊಂದನ್ನು ನಕ್ಷೆಯ ಭಂಡಾರಕ್ಕೆ ಜೋಡಿಸಿದರೆ, ಮನುಷ್ಯನು ಆಡುಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಅದು ಭಂಡಾರದ ಭಾಷೆಗೆ ತಿರುಗಿಸುತ್ತದೆ: ನಕ್ಷೆಯ ಯಾವ ಪದರ, ಯಾವ ಅಂಕಣ, ಯಾವ ಗಡಿಯ ಒಳಗೆ, ಎಂದು. ಬಂದ ಸಾಲುಗಳನ್ನು ಮತ್ತೆ ಆಡುಮಾತಿಗೆ ತಿರುಗಿಸಿ ಹೇಳುತ್ತದೆ. ಅದು ನಕ್ಷೆಗೂ ಮನುಷ್ಯನಿಗೂ ನಡುವೆ ನಿಂತ ದುಭಾಷಿ ಎನ್ನಬಹುದು. ನಿಮಿಷಾರ್ಧದಲ್ಲಿ ಉತ್ತರ, ಖರ್ಚು ಬಹಳ ಕಡಿಮೆ.

ಈಗ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳೋಣ. ಹಳೆಯ ಎಣ್ಣೆಸೀಮೆಯಲ್ಲಿ ಅವನು ಒಂದಿಷ್ಟು ನೆಲ ಕೊಂಡು ಮನೆ ಕಟ್ಟಿಸಬೇಕೆಂದಿದ್ದಾನೆ. ಮುಚ್ಚದೆ ಬಿಟ್ಟ ಹಳೆಯ ಬಾವಿಯ ಮೇಲೆ ಮನೆ ಕಟ್ಟುವುದು ಅಪಾಯಕರ. ಅಂಥ ಬಾವಿಗಳಿಂದ ಮೀಥೇನ್ ಅನಿಲವು ಮಣ್ಣಿನೊಳಗೆ ಹರಿದು, ನೆಲಮಾಳಿಗೆಯಲ್ಲಿ ತುಂಬಿಕೊಂಡು, ಮನೆಗಳು ಸಿಡಿದದ್ದುಂಟು. ಆದಕಾರಣ ಅವನು ಯಂತ್ರವನ್ನು ಕೇಳುತ್ತಾನೆ: “ಈ ನೆಲದಲ್ಲಿ ಬಾವಿ ಉಂಟೆ?” ಯಂತ್ರವು “ಇಲ್ಲ” ಎನ್ನುತ್ತದೆ. ಅವನು ತಳಪಾಯ ತೋಡಿಸುತ್ತಾನೆ.

ಈ ‘ಇಲ್ಲ’ ಎಂಬುದು ಎಂಥ ಮಾತು? ಇದಕ್ಕೆ ಹೊಣೆ ಯಾರು?

ಕನ್ನಡದಲ್ಲಿ ಇದಕ್ಕೆ ಎರಡು ಮಾತುಗಳುಂಟು. ಹಳ್ಳಿಯ ಹಿರಿಯರೊಬ್ಬರನ್ನು ದಾರಿಯಲ್ಲಿ ತಡೆದು, “ಈ ಕಡೆ ಒಂದು ಕರು ಬಂತೆ, ತಾತ?” ಎಂದು ಕೇಳಿದರೆ ಅವರು “ಇಲ್ಲ” ಎನ್ನುವುದಿಲ್ಲ, “ಕಾಣೆನಪ್ಪ” ಎನ್ನುತ್ತಾರೆ. ಕರು ಬರಲಿಲ್ಲವೆಂದು ಅವರು ಹೇಳುತ್ತಿಲ್ಲ. ತಾವು ಕಾಣಲಿಲ್ಲವೆಂದು ಹೇಳುತ್ತಿದ್ದಾರೆ. ಮೊದಲನೆಯ ಮಾತು ಲೋಕವನ್ನು ಕುರಿತದ್ದು, ಎರಡನೆಯದು ಹೇಳುವವನ ಕಣ್ಣನ್ನು ಕುರಿತದ್ದು. ಕರುವನ್ನು ಕಳೆದುಕೊಂಡವನು “ಕಾಣೆ” ಎಂಬ ಉತ್ತರವನ್ನು ಕೇಳಿ ಮುಂದಿನ ಬೇಲಿಯನ್ನೂ ನೋಡುತ್ತಾನೆ. “ಇಲ್ಲ” ಎಂಬುದನ್ನು ಕೇಳಿದ್ದರೆ ಮನೆಗೆ ಹಿಂದಿರುಗುತ್ತಿದ್ದನು.

ಭಾರತೀಯ ದಾರ್ಶನಿಕರು ಈ ಭೇದವನ್ನು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಇಲ್ಲದಿರುವಿಕೆಯನ್ನು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಹೇಳುತ್ತಾರೆ. ನೈಯಾಯಿಕರು ಅದನ್ನು ಬೇರೆಯ ಪ್ರಮಾಣವೆಂದು ಒಪ್ಪುವುದಿಲ್ಲ. ಆ ಜಗಳ ಈಗ ಬೇಡ. ಎಲ್ಲರೂ ಕೊಡುವ ಉದಾಹರಣೆ ಒಂದೇ: ನೆಲದ ಮೇಲೆ ಮಡಕೆ ಕಾಣುವುದಿಲ್ಲ, ಆದ್ದರಿಂದ ಮಡಕೆ ಇಲ್ಲ. ಆದರೆ ಕೋಣೆಯಲ್ಲಿ ಕತ್ತಲೆಯಿದ್ದರೆ? ಆಗ ಕಾಣದಿರುವುದರಿಂದ ಏನೂ ಸಿದ್ಧವಾಗುವುದಿಲ್ಲ. ಆದಕಾರಣ ಬರಿಯ ಅನುಪಲಬ್ಧಿ ಸಾಲದು, ಅದು ‘ಯೋಗ್ಯ’ವಾದ ಅನುಪಲಬ್ಧಿಯಾಗಿರಬೇಕು ಎಂದು ಅವರು ನಿಯಮ ಮಾಡಿದರು. “ಅದು ಇಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು” ಎಂದು ಹೇಳಬಲ್ಲ ಸ್ಥಿತಿ ಇದ್ದಾಗ ಮಾತ್ರ, ಕಾಣಲಿಲ್ಲವೆಂಬುದರಿಂದ ಇಲ್ಲವೆಂಬುದಕ್ಕೆ ಹೋಗಬಹುದು. ಪಾಠಶಾಲೆಗಳಲ್ಲಿ ಓದುವ ಧರ್ಮರಾಜಾಧ್ವರೀಂದ್ರರ ವೇದಾಂತ ಪರಿಭಾಷೆಯಲ್ಲಿ ಈ ವಿಚಾರ ವಿವರವಾಗಿ ಬಂದಿದೆ. ಧರ್ಮಾಧರ್ಮಗಳು ಕಣ್ಣಿಗೆ ಬೀಳವು. ಅಷ್ಟರಿಂದ ಅವು ಇಲ್ಲವೆನ್ನಲಾಗದು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎಣ್ಣೆಯ ನಕ್ಷೆಯ ಕಡೆಗೆ ತಿರುಗಿದರೆ, ಆ ಕೋಣೆಯಲ್ಲಿ ಕತ್ತಲೆ ಎಷ್ಟಿದೆಯೆಂಬುದು ಗೊತ್ತಾಗುತ್ತದೆ. ಪೆನ್ಸಿಲ್ವೇನಿಯ ಸಂಸ್ಥಾನದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಎಂಬವನು 1859ರ ಆಗಸ್ಟಿನಲ್ಲಿ, ಸುಮಾರು 70 ಅಡಿಗಳ ಆಳದಲ್ಲಿ ಎಣ್ಣೆಯನ್ನು ಮುಟ್ಟಿದನು. ಆ ಸುದ್ದಿ ಹರಡಿದೊಡನೆಯೇ ಜನರು ಗುಂಪುಗುಂಪಾಗಿ ಬಂದು ಕಂಡಕಂಡಲ್ಲಿ ಕೊರೆದರು. ಆ ಸಂಸ್ಥಾನದಲ್ಲಿ ಬಾವಿ ಕೊರೆಯುವುದಕ್ಕೆ ಅಪ್ಪಣೆ ಪಡೆಯಬೇಕೆಂಬ ಕಟ್ಟಳೆ ಬಂದದ್ದು 1950ರ ದಶಕದ ನಡುವಿನಲ್ಲಿ. ಹೆಚ್ಚುಕಡಿಮೆ ನೂರು ವರ್ಷಗಳ ಕಾಲ ಯಾರು ಎಲ್ಲಿ ಕೊರೆದರು, ಎಲ್ಲಿ ಬಿಟ್ಟುಹೋದರು ಎಂಬುದಕ್ಕೆ ಕ್ರಮವಾದ ಲೆಕ್ಕವೇ ಇಲ್ಲ. ಒಡೆಯನೂ ಇಲ್ಲದೆ ದಾಖಲೆಯೂ ಇಲ್ಲದೆ ಬಿದ್ದಿರುವ ಇಂಥ ಬಾವಿಗಳನ್ನು ಅಲ್ಲಿಯವರು ‘ಅನಾಥ ಬಾವಿಗಳು’ ಎನ್ನುತ್ತಾರೆ. ಇಂಟರ್‌ಸ್ಟೇಟ್ ಆಯಿಲ್ ಅಂಡ್ ಗ್ಯಾಸ್ ಕಾಂಪ್ಯಾಕ್ಟ್ ಕಮಿಷನ್ ಎಂಬ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯಂತೆ, ದಾಖಲೆಗೆ ಸೇರದ ಅನಾಥ ಬಾವಿಗಳು ದೇಶದಲ್ಲಿ 3,10,000ದಿಂದ 8,00,000ದವರೆಗೆ ಇರಬಹುದು. ಮೂರು ಲಕ್ಷವೆಲ್ಲಿ, ಎಂಟು ಲಕ್ಷವೆಲ್ಲಿ! ಲೆಕ್ಕ ಗೊತ್ತಿಲ್ಲದವರ ಲೆಕ್ಕವಿದು ಎಂದು ನಗುವವರು ನಗಬಹುದು. ಆದರೆ ಇಷ್ಟು ಅಗಲವಾದ ಅಂತರವನ್ನು ಮರೆಮಾಚದೆ ಮುಂದಿಟ್ಟವರು ದೊಡ್ಡ ಅಕ್ಷರದಲ್ಲಿ “ಕಾಣೆವು” ಎಂದು ಬರೆದಂತಾಯಿತು. ನಡುವಿನ ಒಂದು ಸಂಖ್ಯೆಯನ್ನು ಆರಿಸಿ ಬರೆದಿದ್ದರೆ ನೋಡುವುದಕ್ಕೆ ಚೆನ್ನಾಗಿರುತ್ತಿತ್ತು, ಸತ್ಯಕ್ಕೆ ದೂರವಾಗುತ್ತಿತ್ತು.

ದಾಖಲೆಗೆ ಸೇರಿದ ಬಾವಿಗಳಲ್ಲಿಯೂ ಕತ್ತಲೆಯುಂಟು. ನಕ್ಷೆಯ ಮೇಲಿನ ಚುಕ್ಕೆಯು ಬಹುಮಟ್ಟಿಗೆ ಬಾವಿಯ ಬಾಯಿಯನ್ನು ಸೂಚಿಸುತ್ತದೆ. ಈಗಿನ ಬಾವಿಗಳು ನೆಟ್ಟಗೆ ಇಳಿದು, ಆಳದಲ್ಲಿ ಅಡ್ಡಲಾಗಿ ತಿರುಗಿ, ಎರಡು ಮೈಲಿಗಳವರೆಗೂ ಹೋಗುವುದುಂಟು. ಬಾಯಿ ಒಬ್ಬನ ಹೊಲದಲ್ಲಿ, ಒಡಲು ಮತ್ತೊಬ್ಬನ ಹೊಲದ ಕೆಳಗೆ. “ಈ ಹೊಲದಲ್ಲಿ ಬಾವಿ ಉಂಟೆ” ಎಂದು ಎರಡನೆಯವನು ಕೇಳಿದಾಗ, ಚುಕ್ಕೆಗಳ ಪದರವನ್ನು ಮಾತ್ರ ನೋಡಿದ ದುಭಾಷಿ ಇಲ್ಲವೆನ್ನುತ್ತದೆ. ಅದರ ದೃಷ್ಟಿಯಿಂದ ಆ ಉತ್ತರ ಸರಿ. ಕೇಳಿದವನ ಉದ್ದೇಶದಿಂದ ತಪ್ಪು. ಇನ್ನು ಅಳತೆಯ ಮಾತು. 1927ರಲ್ಲಿ ಗೊತ್ತುಮಾಡಿದ ಆಧಾರದಿಂದ ಅಳೆದ ಸ್ಥಾನಕ್ಕೂ 1983ರ ಆಧಾರದಿಂದ ಅಳೆದ ಸ್ಥಾನಕ್ಕೂ ಅಲ್ಲಲ್ಲಿ ಹಲವು ಹತ್ತು ಮೀಟರುಗಳ ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸದೊಳಗೆ ಒಂದು ಮನೆ ಹಿಡಿಸುತ್ತದೆ.

ಮೇಲೆ ಹೇಳಿದ ಕತ್ತಲೆಯೆಲ್ಲ ನಕ್ಷೆಯದು. ಸಹಾಯಕವು ಬರುವುದಕ್ಕೆ ಮುಂಚೆಯೂ ಇತ್ತು. ದುಭಾಷಿಯು ತಾನೇ ತರತಕ್ಕ ಕತ್ತಲೆ ಬೇರೆ ಇದೆ. ಒಂದೇ ಕಂಪೆನಿಯ ಹೆಸರು ದಾಖಲೆಯಲ್ಲಿ ನಾಲ್ಕು ಬಗೆಯಾಗಿ ಬರೆದಿರುತ್ತದೆ. ಒಂದು ಬಗೆಯನ್ನು ಹುಡುಕಿ ಮಿಕ್ಕ ಮೂರನ್ನು ಬಿಟ್ಟರೆ ಆ ಬಾವಿಗಳೆಲ್ಲ ‘ಇಲ್ಲ’ವಾಗುತ್ತವೆ. ಇನ್ನೊಂದು ಸಂಗತಿ ವಿಚಿತ್ರವಾದದ್ದು. ಇಂಥ ಅನೇಕ ಭಂಡಾರಗಳು ಒಂದು ಸಲಕ್ಕೆ 1000 ಅಥವಾ 2000 ಸಾಲುಗಳನ್ನು ಮಾತ್ರ ಕೊಟ್ಟು, ಇನ್ನೂ ಉಂಟೆಂಬ ಸಣ್ಣ ಸೂಚನೆಯೊಂದನ್ನು ಜೊತೆಗಿಡುತ್ತವೆ. ಆ ಸೂಚನೆಯನ್ನು ಗಮನಿಸದ ಸಹಾಯಕವು ಕೌಂಟಿಯಲ್ಲಿ ಸರಿಯಾಗಿ ಎರಡು ಸಾವಿರ ಬಾವಿಗಳಿವೆಯೆಂದು ಹೇಳಿಬಿಡುತ್ತದೆ. ಅಷ್ಟು ದುಂಡಾದ ಸಂಖ್ಯೆಯನ್ನು ಕಂಡು ಅನುಭವಸ್ಥನಾದ ಗುಮಾಸ್ತನು ಹುಬ್ಬೇರಿಸುವನು. ಯಂತ್ರಕ್ಕೆ ಹುಬ್ಬಿಲ್ಲ. ಪೂರ್ತಿ ಹುಡುಕಿ ಹೇಳಿದ ಉತ್ತರವನ್ನೂ ಅರ್ಧ ಹುಡುಕಿ ಹೇಳಿದ ಉತ್ತರವನ್ನೂ ಅದು ಒಂದೇ ಸಮನಾದ, ನಯವಾದ, ವಿನಯದಿಂದ ಕೂಡಿದ ಧ್ವನಿಯಲ್ಲಿ ಹೇಳುತ್ತದೆ; ಕೇಳುವವನಿಗೆ ಅವೆರಡರ ಭೇದ ತಿಳಿಯುವ ಬಗೆಯಿಲ್ಲ.

ಕಾಣದ್ದನ್ನು ಇಲ್ಲವೆಂದು ತಿಳಿದುದರ ಫಲ ಎಷ್ಟು ಘೋರವಾಗಬಹುದೆಂಬುದನ್ನು ಇದೇ ಎಣ್ಣೆಸೀಮೆಯ ಚರಿತ್ರೆ ತೋರಿಸಿಕೊಟ್ಟಿದೆ. ಟೆಕ್ಸಾಸಿನ ಪೂರ್ವಭಾಗದಲ್ಲಿ 1930ರಲ್ಲಿ ದೊಡ್ಡ ಎಣ್ಣೆಯ ನೆಲೆಯೊಂದು ಪತ್ತೆಯಾಯಿತು. ಆ ಐಶ್ವರ್ಯದಿಂದ ನ್ಯೂ ಲಂಡನ್ ಎಂಬ ಊರಿನಲ್ಲಿ ಭವ್ಯವಾದ ಶಾಲೆಯನ್ನು ಕಟ್ಟಿಸಿದರು. ಎಣ್ಣೆಬಾವಿಗಳಿಂದ ಬರುವ ಉಳಿಕೆಯ ಅನಿಲ ಅಲ್ಲಿ ಬೆಲೆಯಿಲ್ಲದ ಪದಾರ್ಥ. ಖರ್ಚು ಉಳಿಯಲೆಂದು ಶಾಲೆಯವರು ಅದರ ಕೊಳವೆಗೇ ಜೋಡಣೆ ಮಾಡಿಕೊಂಡು ಕಟ್ಟಡವನ್ನು ಬೆಚ್ಚಗಿಡುತ್ತಿದ್ದರು. ನೈಸರ್ಗಿಕ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಲ್ಲಿಯೋ ಸೋರಿ ಕಟ್ಟಡದ ಅಡಿಯ ಪೊಳ್ಳಿನಲ್ಲಿ ತುಂಬಿಕೊಂಡಿತು. 1937ರ ಮಾರ್ಚಿ 18ರಂದು ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ, ಕೈಕೆಲಸದ ತರಗತಿಯಲ್ಲಿ ಮರವನ್ನು ಉಜ್ಜುವ ವಿದ್ಯುದ್ಯಂತ್ರವನ್ನು ಚಾಲೂ ಮಾಡಿದಾಗ ಕಿಡಿ ಹಾರಿತು. ಸುಮಾರು ಮುನ್ನೂರು ಮಂದಿ, ಬಹುಪಾಲು ಮಕ್ಕಳು, ಸತ್ತರು. ಅಂದು ಬೆಳಗ್ಗೆ ಆ ಶಾಲೆಯಲ್ಲಿದ್ದ ಯಾರನ್ನಾದರೂ “ಇಲ್ಲಿ ಅನಿಲ ಸೋರುತ್ತಿದೆಯೆ?” ಎಂದು ಕೇಳಿದ್ದರೆ, ಅವರು ಮೂಗೆಳೆದು ನೋಡಿ, ಮನಃಪೂರ್ವಕವಾಗಿ “ಇಲ್ಲ” ಎನ್ನುತ್ತಿದ್ದರು. ಅವರ ಮೂಗಿನಲ್ಲಿ ದೋಷವಿರಲಿಲ್ಲ, ಸತ್ಯಸಂಧತೆಯಲ್ಲಿಯೂ ದೋಷವಿರಲಿಲ್ಲ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅದು ಯೋಗ್ಯಾನುಪಲಬ್ಧಿಯಾಗಿರಲಿಲ್ಲ.

ಆಮೇಲೆ ಮಾಡಿದ ಕಟ್ಟಳೆ ಬಹಳ ವಿಚಾರಾರ್ಹವಾದದ್ದು. ಜನರು ಇನ್ನುಮುಂದೆ ಹೆಚ್ಚು ಎಚ್ಚರದಿಂದ ಮೂಸಿ ನೋಡಬೇಕೆಂದು ಟೆಕ್ಸಾಸಿನವರು ಆಜ್ಞೆ ಮಾಡಲಿಲ್ಲ. ಅನಿಲವನ್ನು ಮಾರತಕ್ಕವನು ಅದಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಿಯೇ ಕೊಡಬೇಕೆಂದು ವಿಧಿಸಿದರು. ಕ್ರಮೇಣ ಇತರ ಕಡೆಗಳಲ್ಲಿಯೂ ಈ ಪದ್ಧತಿ ಬಂದಿತು. ಕನ್ನಡನಾಡಿನ ಅಡಿಗೆಮನೆಗಳಲ್ಲಿ ಸಿಲಿಂಡರಿನಿಂದ ಬರುವ ಆ ಕೆಟ್ಟ ವಾಸನೆಯೂ ಅನಿಲದ್ದಲ್ಲ, ಹೀಗೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ದ್ರವ್ಯದ್ದು. ಬೆಳಗ್ಗೆ ಎದ್ದು ಒಲೆ ಹಚ್ಚುವ ಮುಂಚೆ ಮನೆಯಾಕೆ ಒಮ್ಮೆ ಮೂಸಿ, ವಾಸನೆಯಿಲ್ಲವೆಂದು ಕಂಡು ಕಡ್ಡಿ ಗೀರುತ್ತಾಳೆ. ಅವಳ ‘ಇಲ್ಲ’ಕ್ಕೆ ಬೆಲೆಯುಂಟು, ಇದ್ದಿದ್ದರೆ ಗೊತ್ತಾಗುತ್ತಿತ್ತು. ಆ ಬೆಲೆಯನ್ನು ಅದಕ್ಕೆ ತಂದುಕೊಟ್ಟವರು ಬೇರೆಯವರು, ಅವಳಿಗೆ ತಿಳಿಯದಂತೆ. ಆದರೆ ಅನಾಥ ಬಾವಿಯಿಂದ ಸೋರುವ ಅನಿಲಕ್ಕೆ ಈ ದ್ರವ್ಯವನ್ನು ಬೆರೆಸಿದವರು ಯಾರೂ ಇಲ್ಲ.

ಇಲ್ಲಿ ಒಂದು ಪೂರ್ವಪಕ್ಷವನ್ನು ಕೇಳಬೇಕು. “ಯಂತ್ರದ ದೋಷವನ್ನೇ ಎತ್ತಿ ಆಡುವುದೇಕೆ? ಹಿಂದೆ ಬಡವನಿಗೆ ಯಾವ ಉತ್ತರವೂ ಸಿಕ್ಕುತ್ತಿರಲಿಲ್ಲ. ಈಗ ಒಂದು ಉತ್ತರ ಸಿಕ್ಕುತ್ತಿದೆ. ಲ್ಯಾಂಡ್‌ಮನ್ನನೂ ತಪ್ಪುತ್ತಿದ್ದನು, ದುಡ್ಡನ್ನೂ ಕೇಳುತ್ತಿದ್ದನು.” ಈ ಆಕ್ಷೇಪವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸ್ವಂತ ನೆಲದ ಕೆಳಗೆ ಏನಿದೆಯೆಂದು ಕೇಳಿ ತಿಳಿಯುವ ಶಕ್ತಿ ಹಣವಂತರ ಸೊತ್ತಾಗಿದ್ದುದು ತಪ್ಪಿದರೆ ಅದು ಸಣ್ಣ ಧರ್ಮವಲ್ಲ. ಅಲ್ಲದೆ ಅದೇ ಜಾತಿಯ ಯಂತ್ರಗಳು ಕತ್ತಲೆಯನ್ನು ಕಡಿಮೆ ಮಾಡಿದ್ದೂ ಉಂಟು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು 1947ರಿಂದ 1992ರವರೆಗೆ ಅಚ್ಚಾದ ಸರಕಾರಿ ಭೂಪಟಗಳನ್ನು ತೆಗೆದುಕೊಂಡು, ಅವುಗಳಲ್ಲಿ ಬಾವಿಗೆ ಗುರುತಾಗಿ ಹಾಕಿದ್ದ ಸಣ್ಣ ಕಪ್ಪು ವೃತ್ತವನ್ನು ಓದುವುದಕ್ಕೆ ಯಂತ್ರಕ್ಕೆ ಕಲಿಸಿದರು. ಕ್ಯಾಲಿಫೋರ್ನಿಯದಲ್ಲಿ ಎರಡು, ಒಕ್ಲಹೋಮದಲ್ಲಿ ಎರಡು, ಹೀಗೆ ನಾಲ್ಕು ಕೌಂಟಿಗಳಲ್ಲಿ, ಯಾವ ದಾಖಲೆಯಲ್ಲಿಯೂ ಸೇರದಿರುವ 1301 ಬಾವಿಗಳ ಸುಳಿವು ಸಿಕ್ಕಿತೆಂದು 2024ರಲ್ಲಿ ಪ್ರಕಟವಾಯಿತು. ಮನುಷ್ಯರು ಕುಳಿತು ಈ ಭೂಪಟಗಳನ್ನೆಲ್ಲ ಓದುವುದಾಗಿದ್ದರೆ ಒಂದು ಆಯುಸ್ಸು ಹಿಡಿಯುತ್ತಿತ್ತು. ಆದರೆ ಆ ವಿದ್ವಾಂಸರು ಬಳಸಿದ ಶಬ್ದವನ್ನು ಗಮನಿಸಬೇಕು. ಅವರು ಅವನ್ನು ‘ಬಾವಿಗಳು’ ಎನ್ನಲಿಲ್ಲ, ‘ಬಾವಿಗಳಾಗಿರಬಹುದಾದವು’ ಎಂದರು. ಕೆಲವನ್ನು ಉಪಗ್ರಹದ ಚಿತ್ರಗಳಲ್ಲಿ ನೋಡಿ, ಮತ್ತೆ ಕೆಲವಕ್ಕೆ ನಡೆದು ಹೋಗಿ, ಇದ್ದದ್ದನ್ನು ಇದೆಯೆಂದು ಸಾಧಿಸಿಕೊಂಡರು. ಆದ್ದರಿಂದ ದೋಷವು ಯಂತ್ರವೆಂಬ ಜಾತಿಯಲ್ಲಿಲ್ಲ.

ಹಾಗಾದರೆ ಯಂತ್ರದ ಮಾತನ್ನು ಆಪ್ತವಾಕ್ಯವೆಂದು ಸ್ವೀಕರಿಸಬಹುದೆ? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನಿಗೆ ಕುಲವನ್ನು ಕೇಳಲಿಲ್ಲ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಲಕ್ಷಣವೊಂದೇ ಎಂದನು. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದಿರಬೇಕು; ತಿಳಿದಂತೆಯೇ ತಿಳಿಸಬೇಕೆಂಬ ಇಚ್ಛೆಯಿರಬೇಕು. ಇಷ್ಟು ಉದಾರವಾದ ಲಕ್ಷಣವನ್ನಿಟ್ಟುಕೊಂಡರೂ ಎಣ್ಣೆಬಾವಿಯ ವಿಷಯದಲ್ಲಿ ಈ ಸಹಾಯಕವು ಹೊರಗೇ ಉಳಿಯುತ್ತದೆ. ಅದು ಸಾಕ್ಷಾತ್ತಾಗಿ ತಿಳಿದಿರುವುದು ನೆಲವನ್ನಲ್ಲ, ಸಾಲುಗಳನ್ನು. “ನಾನು ಹುಡುಕಿದ ಪದರದಲ್ಲಿ, ಈ ಗಡಿಯೊಳಗೆ, ಈ ದಿನದವರೆಗಿನ ದಾಖಲೆಯಲ್ಲಿ ಯಾವ ಸಾಲೂ ಸಿಕ್ಕಲಿಲ್ಲ” ಎಂದು ಅದು ಹೇಳಿದರೆ ಆ ಮಾತಿನ ಮಟ್ಟಿಗೆ ಅದು ಪ್ರಾಮಾಣಿಕ ಸಾಕ್ಷಿ. “ಬಾವಿ ಇಲ್ಲ” ಎಂದೊಡನೆ ಅದು ತನ್ನ ಅಧಿಕಾರವನ್ನು ಮೀರಿತು. ಬಾವಿ ನಿಜವಾಗಿಯೂ ಇಲ್ಲದಿದ್ದರೂ ಮೀರಿದ್ದು ಮೀರಿದ್ದೇ. ನಿಜವನ್ನು ಅಕಸ್ಮಾತ್ತಾಗಿ ಹೇಳಿದವನನ್ನು ಸತ್ಯವಾದಿಯೆಂದು ಯಾರೂ ಕರೆಯುವುದಿಲ್ಲ.

ಇನ್ನೂ ಒಂದು ಕೊರತೆಯುಂಟು. ಯಾವ ದೇಶದ ಕಚೇರಿಯಲ್ಲಾದರೂ ಒಳ್ಳೆಯ ಗುಮಾಸ್ತನಿಗೆ ಇಂಥ ಪ್ರಶ್ನೆ ಬಂದರೆ ಅವನು ಉತ್ತರಕ್ಕೆ ಮುಂಚೆ “ಏತಕ್ಕೋಸ್ಕರ ಕೇಳುತ್ತೀರಿ?” ಎನ್ನುತ್ತಾನೆ. ವಿದ್ಯಾರ್ಥಿಯು ಪ್ರಬಂಧ ಬರೆಯುವುದಕ್ಕೆ ಕೇಳಿದನೆಂದರೆ ಪಟ್ಟಿಯನ್ನು ಕೊಟ್ಟು ಕಳುಹಿಸುತ್ತಾನೆ. ಮನೆ ಕಟ್ಟಿಸಲು ಎಂದರೆ ಅವನ ದನಿ ಬದಲಾಯಿಸುತ್ತದೆ. “ಪುಸ್ತಕದಲ್ಲಿಲ್ಲ ಸ್ವಾಮಿ, ಆದರೆ ಆ ಕಡೆಯೆಲ್ಲ ಹಳೆಯ ಕಾಲದಲ್ಲಿ ಕೊರೆದಿದ್ದಾರೆ, ಒಮ್ಮೆ ನೆಲವನ್ನು ಪರೀಕ್ಷೆಮಾಡಿಸಿ” ಎನ್ನುತ್ತಾನೆ. ಪ್ರಶ್ನೆ ಒಂದೇ, ದಾಖಲೆಯೂ ಒಂದೇ. ಆದರೆ ತಪ್ಪಿದರೆ ಆಗುವ ನಷ್ಟ ಬೇರೆಯಾದುದರಿಂದ ಹುಡುಕಾಟದ ಧರ್ಮವೂ ಬೇರೆ. ಯಂತ್ರಕ್ಕೆ ಈ ಪ್ರಶ್ನೆಯನ್ನು ಕೇಳುವುದು ಅಸಾಧ್ಯವೇನೂ ಅಲ್ಲ, ಕಲಿಸಿದರೆ ಕೇಳುತ್ತದೆ. ಆದರೆ ಬೇಗ ಉತ್ತರ ಕೊಡುವುದೇ ಗುಣವೆಂದು ಎಣಿಸಿದವರು ಅದನ್ನು ಕಲಿಸುವ ಗೋಜಿಗೆ ಹೋಗುವುದಿಲ್ಲ.

ಹೊಣೆಯ ಪ್ರಶ್ನೆಗೆ ಇಲ್ಲಿಂದ ದಾರಿ ಕಾಣುತ್ತದೆ. ಸಹಾಯಕವನ್ನು ಮಾಡಿದವರು, ಉತ್ತರದ ಅಡಿಯಲ್ಲಿ “ಇದರಲ್ಲಿ ತಪ್ಪುಗಳಿರಬಹುದು, ಪರಿಶೀಲಿಸಿಕೊಳ್ಳಿರಿ” ಎಂದು ಒಂದು ವಾಕ್ಯ ಬರೆದು ಕೈ ತೊಳೆದುಕೊಳ್ಳುವ ವಾಡಿಕೆಯುಂಟು. ಎಲ್ಲ ಉತ್ತರಗಳ ಕೆಳಗೂ ಒಂದೇ ಬಗೆಯಾಗಿ ಬರೆದ ಎಚ್ಚರಿಕೆ ಯಾವ ಉತ್ತರವನ್ನು ಕುರಿತೂ ಏನನ್ನೂ ಹೇಳುವುದಿಲ್ಲ. ನ್ಯೂ ಲಂಡನ್ನಿನ ಶಾಲೆಯ ಗೋಡೆಯ ಮೇಲೆ “ಅನಿಲ ಸೋರಬಹುದು, ಜಾಗ್ರತೆ” ಎಂದು ಹಲಗೆ ತೂಗುಹಾಕಿದ್ದರೆ ಮಕ್ಕಳು ಉಳಿಯುತ್ತಿದ್ದರೆ? ವಾಸನೆಯಾದರೆ ಸೋರಿದಾಗ ಮಾತ್ರ ಬರುತ್ತದೆ, ಸೋರಿದಲ್ಲಿ ಬರುತ್ತದೆ. ಉತ್ತರದೊಳಗೇ, ಆ ಉತ್ತರಕ್ಕೆ ಸಂಬಂಧಪಟ್ಟಂತೆ, ಇಂಥ ಪದರವನ್ನು ನೋಡಲಾಯಿತು, ಇಂಥದನ್ನು ನೋಡಲಿಲ್ಲ, ಈ ಕೌಂಟಿಯ ದಾಖಲೆ ಇಂಥ ವರ್ಷದಿಂದ ಈಚಿನದು, ಎಂಬಷ್ಟು ಬರಬೇಕು. ಅದನ್ನು ಬೆರೆಸುವ ಧರ್ಮ ಮಾರುವವನದು. ದಾಖಲೆಯನ್ನು ಇಟ್ಟುಕೊಂಡಿರುವ ಸರಕಾರಕ್ಕೂ ಅದರಲ್ಲಿ ಪಾಲುಂಟು: ತನ್ನ ನಕ್ಷೆಯಲ್ಲಿ ಚುಕ್ಕೆಯಿಲ್ಲದ ಬಿಳಿಯ ಜಾಗವು ‘ಹುಡುಕಿದೆವು, ಇಲ್ಲ’ ಎಂಬುದೋ, ‘ಯಾರೂ ಹುಡುಕಿಲ್ಲ’ ಎಂಬುದೋ, ಅದನ್ನು ಅದೇ ಹೇಳಬೇಕು. ಎರಡಕ್ಕೂ ಒಂದೇ ಬಿಳುಪು ಇರುವವರೆಗೆ ಎಂಥ ಜಾಣ ದುಭಾಷಿಯಾದರೂ ಏನು ಮಾಡಬಲ್ಲದು?

ಗೃಹಸ್ಥನು ಪೂರ್ತಿ ನಿರ್ದೋಷಿಯೆ? ಅವನಿಗೆ ಪದರ, ಆಧಾರ, ಸಾಲುಗಳ ಮಿತಿ ಇವು ಯಾವುವೂ ಗೊತ್ತಿರಬೇಕಾದ್ದಿಲ್ಲ. ಆದರೆ ತಾನು ಕೊಂಡದ್ದು ಎಣ್ಣೆಯ ಸೀಮೆಯ ನೆಲವೆಂಬುದು ಅವನಿಗೆ ಗೊತ್ತು. “ಇಲ್ಲ” ಎಂದು ಕೇಳಿದಾಗ ಅವನಿಗೆ ಸಮಾಧಾನವಾಯಿತು. ಆ ಸಮಾಧಾನವೇ ಅವನು ಕೇಳಹೋದ ವಸ್ತುವಾಗಿತ್ತೆಂಬ ಸಂಶಯಕ್ಕೆ ಎಡೆಯುಂಟು. ಪಕ್ಕದ ಹೊಲದ ಮುದುಕನು ಅದನ್ನೇ ಹೇಳಿದ್ದರೆ “ನಿಮಗೆ ಹೇಗೆ ಗೊತ್ತು?” ಎಂದು ಅವನು ಕೇಳದೆ ಬಿಡುತ್ತಿರಲಿಲ್ಲ. ಆ ಮೂರು ಶಬ್ದಗಳನ್ನು ಯಂತ್ರಕ್ಕೆ ಹೇಳುವುದಕ್ಕೆ ಕಷ್ಟವೇನಿತ್ತು? ಹೇಳಿದ್ದರೆ ಅದು ತಾನು ನೋಡಿದ್ದನ್ನೂ ನೋಡದ್ದನ್ನೂ ಬಹುಶಃ ಒಪ್ಪಿಕೊಳ್ಳುತ್ತಿತ್ತು.

ಅನಾಥ ಬಾವಿಗಳನ್ನು ಮುಚ್ಚುವುದಕ್ಕೋಸ್ಕರ ಅಮೆರಿಕದ ಸರಕಾರವು 2021ರ ಕಾನೂನಿನಿಂದ 470 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಮುಚ್ಚಬೇಕಾದರೆ ಮೊದಲು ಹುಡುಕಬೇಕು. ಪೆನ್ಸಿಲ್ವೇನಿಯದ ಕಾಡುಗಳ ಮೇಲೆ, ಹೆಲಿಕಾಪ್ಟರಿಗೂ ಡ್ರೋನಿಗೂ ಅಯಸ್ಕಾಂತದ ಮಾಪಕವನ್ನು ಕಟ್ಟಿ ಹಾರಿಸುತ್ತಾರೆ. ನೆಲದೊಳಗೆ ಬಾವಿಯ ಕಬ್ಬಿಣದ ಕೊಳವೆಯಿದ್ದರೆ ಮಾಪಕ ಅಲುಗುತ್ತದೆ. ಆದರೆ ಬಹಳ ಹಳೆಯ ಬಾವಿಗಳಿಗೆ ಮರದ ಒಡಲು. ಕಬ್ಬಿಣವಿದ್ದ ಕೆಲವು ಬಾವಿಗಳಿಂದಲೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕೊಳವೆಯನ್ನು ಕಿತ್ತುಕೊಂಡು ಹೋದರು. ಅವುಗಳ ಮೇಲೆ ಹಾರಿದಾಗ ಮಾಪಕ ಅಲುಗುವುದಿಲ್ಲ. ಇದನ್ನು ಬಲ್ಲವರು, ಮಾಪಕವು ಸುಮ್ಮನಿದ್ದ ಜಾಗಗಳಲ್ಲಿಯೂ ಮೀಥೇನನ್ನು ಅಳೆಯುವ ಉಪಕರಣವನ್ನು ಹಿಡಿದು, ತರಗೆಲೆಗಳನ್ನು ಸರಿಸುತ್ತ, ನೆಲದಲ್ಲಿ ತಗ್ಗು ಬಿದ್ದಿದೆಯೆ, ನೀರಿನ ಮೇಲೆ ಗುಳ್ಳೆ ಏಳುತ್ತಿದೆಯೆ ಎಂದು ನೋಡುತ್ತ ಕಾಲ್ನಡೆಯಲ್ಲಿ ಹೋಗುತ್ತಾರೆ.